ಲಿಫ್ಟ್ ಕಿಟ್ ಚೆನ್ನಾಗಿದೆ, ಸ್ಟೀರಿಂಗ್ ಮಾತ್ರ ಸತಾಯಿಸಿತು

ಗಾಡಿ ಎತ್ತರ ಮಾಡಿಸಿ ವರ್ಷದ ಮೇಲಾಯಿತು. ಸಸ್ಪೆನ್ಷನ್‌ಗೆ 2 ಇಂಚಿನ ಕಿಟ್, ಜೊತೆಗೆ 1 ಇಂಚಿನ ಬಾಡಿ ಲಿಫ್ಟ್. 31 ಇಂಚಿನ ಟಯರ್ ತೆಗೆದು 33 ಹಾಕಿಸಿದ್ದೇನೆ. ವಾರವಿಡೀ ಇದೇ ಗಾಡಿಯಲ್ಲಿ ಕೆಲಸಕ್ಕೆ ಓಡಾಟ, ಕಲ್ಲು ಕೆಸರು ಎಲ್ಲ ರಜೆಯಲ್ಲಿ ಮಾತ್ರ. ಹಾಗಾಗಿ ಡಾಂಬರು ರಸ್ತೆಯಲ್ಲಿ ಹೇಗೆ ಓಡುತ್ತದೆ ಅನ್ನುವುದೇ ನನಗೆ ಮುಖ್ಯ.

ಸ್ಪ್ರಿಂಗ್, ಶಾಕ್ ಬಗ್ಗೆ ದೂರಿಲ್ಲ. ನನ್ನ ತಕರಾರು ಸ್ಟೀರಿಂಗ್ ಬಗ್ಗೆ. ತಿರುವು ಮುಗಿದ ಮೇಲೂ ಅದು ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತಿತ್ತು. ದೂರ ಹೋಗಿ ಬಂದರೆ ಭುಜವೆಲ್ಲ ನೋವು.

ಕಾರಣ ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದೆ ಅಲ್ವಾ? ನೇರ ಹೋಗಲು ಆ ವಾಲಿಕೆ ನೆರವಾಗುತ್ತದೆ. ನನ್ನ ಗಾಡಿಯ ಮುಂದಿನ ಆಕ್ಸಲ್‌ಗೂ ಅಂಥದೇ ವಾಲಿಕೆ ಇದೆ. ಉದ್ದ ಸ್ಪ್ರಿಂಗ್ ಹಾಕಿದಾಗ ಚಾಸಿಸ್ ಮೇಲೇರಿ, ಆಕ್ಸಲ್ ಅನ್ನು ಅದಕ್ಕೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಕೋನ ಬದಲಾಯಿತು, ಆಕ್ಸಲ್ ಮುಂದಕ್ಕೆ ಉರುಳಿತು, ವಾಲಿಕೆ ಕಡಿಮೆಯಾಯಿತು. ಅಲೈನ್‌ಮೆಂಟ್ ಮಾಡಿಸಿದರೂ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಸರಿಹೋಯಿತು. ಇಂಥ ಆಕ್ಸಲ್‌ನಲ್ಲಿ ಕ್ಯಾಸ್ಟರ್ ತಿದ್ದಬೇಕಾದರೆ ಬೇರೆ ಬುಷ್‌ನಂಥ (ಆರ್ಮ್‌ನ ಕೀಲಿನಲ್ಲಿ ಕೂರುವ ಮೆತ್ತೆ) ಬಿಡಿಭಾಗ ಬೇಕು. ‘ಪೂರ್ತಿ ಕಿಟ್’ ಎಂದು ಮಾರಿದ ಪೆಟ್ಟಿಗೆಯಲ್ಲಿ ಅದೇ ಇರಲಿಲ್ಲ! ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್, ಅದೂ ಅಡ್ಜಸ್ಟ್ ಮಾಡಬಹುದಾದದ್ದು, ಕೂಡ ಇಲ್ಲ. ಹಳೇ ರಾಡ್‌ನ ಉದ್ದ ಅಷ್ಟೇ ಇದ್ದುದರಿಂದ ಆಕ್ಸಲ್ ಒಂದು ಪಕ್ಕಕ್ಕೆ ಸರಿದು ನಿಂತಿತ್ತು. ಗಾಡಿ ನೇರ ಓಡಲು ಬೇಕಾದದ್ದನ್ನೇ ಬಿಟ್ಟು ‘ಪೂರ್ತಿ’ ಅನ್ನುವುದು ತಪ್ಪು. ಈಗಲೂ ಸಿಟ್ಟಿದೆ.

ಎರಡನ್ನೂ ಬೇರೆ ದುಡ್ಡು ಕೊಟ್ಟು ಹಾಕಿಸಿದೆ. ಗಾಡಿ ಬೇರೆಯೇ ಆಯಿತು. ಈಗ ಸ್ಟೀರಿಂಗ್ ಮೇಲೆ ಬೆರಳಿಟ್ಟರೂ ಸಾಕು, ನೇರ ಹೋಗುತ್ತದೆ. ಕಲ್ಲಿನ ಏರಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದವು ನೆಲ ಬಿಡುವುದಿಲ್ಲ. ಲೋ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಆಗುವ ಖುಷಿಯೇ ಬೇರೆ.

ಭಾನುವಾರ ಬೆಳಿಗ್ಗೆ ಗಾಡಿ ಕೆಳಗೆ ಚಾಪೆ ಹಾಸಿಕೊಂಡು ಮಲಗುವುದು ಈಗ ರೂಢಿಯಾಗಿದೆ. ಪ್ರತಿ ಬೋಲ್ಟ್‌ನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ. ಬೇಕಾದಷ್ಟು ಬಿಗಿಯಾಯಿತೆಂದು ಟಾರ್ಕ್ ರೆಂಚ್ ‘ಟಿಕ್’ ಅಂದರೆ ಸಮಾಧಾನ. ಆಮೇಲೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳಿಗೆ ಗ್ರೀಸ್. ಎತ್ತರ ಜಾಸ್ತಿಯಾದಷ್ಟೂ ಶಾಫ್ಟ್ ಓರೆಯಾಗುತ್ತದೆ, ಜಾಯಿಂಟ್‌ಗೆ ಕೆಲಸ ಹೆಚ್ಚು. ಕಂಟ್ರೋಲ್ ಆರ್ಮ್ ಬೋಲ್ಟ್‌ಗಳನ್ನು ಕೊನೆಯ ಸಲ ಬಿಗಿ ಮಾಡುವಾಗ ಚಕ್ರ ನೆಲದ ಮೇಲೇ ಇರಬೇಕು. ಜಾಕ್ ಮೇಲಿಟ್ಟು ಬಿಗಿದರೆ ಗಾಡಿ ಇಳಿಸಿದಾಗ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬಾಡಿ ಲಿಫ್ಟ್ ಮಾತ್ರ ನನಗೆ ಹಿಡಿಸಿಲ್ಲ. ಚಾಸಿಸ್ ಇದ್ದಲ್ಲೇ ಇರುತ್ತದೆ, ಬಾಡಿಯಷ್ಟೇ ಮೇಲೇರುತ್ತದೆ. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ಕೆಳಗೆ ಸಿಕ್ಕ 1 ಇಂಚು ಜಾಗ ದೊಡ್ಡ ಟಯರ್‌ನಿಂದ ಬಂದದ್ದು. ಟಯರ್ ಮಡ್‌ಗಾರ್ಡ್‌ಗೆ ತಾಗದಿರಲಿ ಎಂಬುದಷ್ಟೇ ಬಾಡಿ ಲಿಫ್ಟ್‌ನ ಲಾಭ. ಬದಲಿಗೆ ಬಂಪರ್ ಮೇಲೆ ಬಾಯಿ ಬಿಟ್ಟ ಸಂದು, ಜೊತೆಗೆ ರೇಡಿಯೇಟರ್ ಫ್ಯಾನ್ ಸುತ್ತಲಿನ ಕವರ್ ಇಳಿಸಿ ಕೂರಿಸುವ ಕೆಲಸ. ನನ್ನ ಬಜೆಟ್‌ನವರು ಆ ದುಡ್ಡನ್ನು ಬುಷ್‌ಗೆ, ಉದ್ದದ ಬ್ರೇಕ್ ಹೋಸ್‌ಗೆ ಹಾಕುವುದು ಒಳ್ಳೆಯದು.

ಇನ್ನೆರಡು ವಿಷಯ. ದೊಡ್ಡ ಟಯರ್‌ನಿಂದ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ. ಮೊದಲು ಸರಿಯಾಗಿದ್ದ ಮೀಟರ್ 100 ಅಂದಾಗ ನಿಜವಾದ ವೇಗ ಸುಮಾರು 106. ಹೆಡ್‌ಲೈಟ್ ಕೂಡ ಇಳಿಸಿ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.