ತಾಳಮದ್ದಳೆಯ ವಿಡಿಯೊ, ನಾಲ್ಕು ಪ್ರೊಸೆಸರ್

ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುವ ಆಟಿಯ ಮಳೆಗಾಲದಲ್ಲಿ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಮನೆಗಳ ಚಾವಡಿಯಲ್ಲಿ ತಾಳಮದ್ದಳೆ ಕೂಟಗಳು, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ, ನಡೆಯುತ್ತವೆ. ಅವನ್ನು ರೆಕಾರ್ಡ್ ಮಾಡಿಡುವುದನ್ನು ನಾನು ಕೆಲ ವರ್ಷಗಳಿಂದ ಹಚ್ಚಿಕೊಂಡಿದ್ದೇನೆ. ಒಂದು ಕೂಟವೆಂದರೆ ಮೂರು ಗಂಟೆಯ ವಿಡಿಯೊ. ಅದನ್ನು ಕುಗ್ಗಿಸದೆ ಯಾರಿಗೂ ಕಳಿಸಲಾಗುವುದಿಲ್ಲ. ಕುಗ್ಗಿಸುವ ಭಾರವೆಲ್ಲ ಬೀಳುವುದು ಕಂಪ್ಯೂಟರಿನ ಲೆಕ್ಕಾಚಾರ ಮಾಡುವ ಚಿಪ್ಪಾದ ಪ್ರೊಸೆಸರಿನ ಮೇಲೆ.

ನನ್ನ ಮೊದಲ ಲ್ಯಾಪ್‌ಟಾಪಿನಲ್ಲಿದ್ದದ್ದು ಸೆಲೆರಾನ್ ಎನ್4020: ಎರಡು ಕೋರ್ (ಚಿಪ್ಪಿನೊಳಗಿನ ಕೆಲಸಗಾರರು ಎನ್ನಿ), ಎರಡೇ ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಎಳೆಗಳು), 6 ವ್ಯಾಟ್. ರಾತ್ರಿ ಊಟ ಮುಗಿಸಿ ವಿಡಿಯೊ ಕುಗ್ಗಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕಿನಲ್ಲಿ ಕೆಲಸ ಹಚ್ಚಿ ಮಲಗಿದೆ. ಬೆಳಿಗ್ಗೆ ಹಟ್ಟಿಗೆ ಹೋಗುವ ಹೊತ್ತಿಗೂ ಮುಗಿದಿರಲಿಲ್ಲ. ಅಷ್ಟರಲ್ಲಿ ಗಾಳಿಮಳೆಗೆ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಬ್ಯಾಟರಿಯೂ ಮುಗಿಯಿತು, ಫೈಲು ಅರ್ಧಕ್ಕೇ ತುಂಡಾಯಿತು. ಆ ದಿನವೇ ಬೇರೆ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದೆ. ಅಂಗಡಿಯವರ ಮಾತಿಗಿಂತ ಕಣ್ಣಾರೆ ನೋಡುವುದೇ ಲೇಸೆಂದು ಬಂಧುಗಳಿಂದ, ಗೆಳೆಯರಿಂದ ಮೂರು ಲ್ಯಾಪ್‌ಟಾಪ್ ಕೇಳಿ ತಂದೆ: ಇಂಟೆಲ್ ಕೋರ್ ಐ5-1235ಯು, ಎಎಂಡಿ ರೈಜನ್ 5 5500ಯು, ಆಪಲ್ ಎಂ1 ಇರುವ ಮ್ಯಾಕ್‌ಬುಕ್ ಏರ್. ಮೂರಕ್ಕೂ ಅದೇ ವಿಡಿಯೊ, ಅದೇ ಸೆಟ್ಟಿಂಗ್.

ಕೋರ್ ಎಂದರೇನೆಂದು ಅಡಕೆ ಸುಲಿಯುವಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ರಾಶಿ ದೊಡ್ಡದಿದ್ದರೆ ಹತ್ತು ಜನ ಕೂತಷ್ಟೂ ಬೇಗ ಮುಗಿಯುತ್ತದೆ. ವಿಡಿಯೊ ಅಂಥ ರಾಶಿ, ಹಂಚಿಕೊಳ್ಳಬಹುದು. ಆದರೆ ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು, ಒಂದು ಫೈಲು ತೆರೆಯುವುದು ಒಬ್ಬನೇ ಮಾಡುವ ಕೆಲಸ. ಅಲ್ಲಿ ತಲೆ ಎಣಿಸಿ ಪ್ರಯೋಜನವಿಲ್ಲ, ಆ ಒಬ್ಬನ ಕೈ ಎಷ್ಟು ಚುರುಕು ಎಂಬುದೇ ಮುಖ್ಯ.

ಐ5-1235ಯುವಿನಲ್ಲಿ ಹತ್ತು ಕೋರ್ ಇದ್ದರೂ ಹತ್ತೂ ಒಂದೇ ತರದವಲ್ಲ. ಎರಡು ಬಲಶಾಲಿ, 4.4 ಗಿಗಾಹರ್ಟ್ಸ್‌ವರೆಗೆ ಓಡುತ್ತವೆ. ಉಳಿದ ಎಂಟು ಕಡಿಮೆ ಕರೆಂಟು ತಿಂದು ನಿಧಾನಕ್ಕೆ ದುಡಿಯುವಂಥವು. ಪ್ರೋಗ್ರಾಂ ತೆರೆಯುವುದರಲ್ಲಿ, ದೊಡ್ಡ ಕಡತದಲ್ಲಿ ಪದ ಹುಡುಕುವುದರಲ್ಲಿ ವಿಂಡೋಸ್‌ನ ಎರಡು ಲ್ಯಾಪ್‌ಟಾಪುಗಳಲ್ಲಿ ಇದೇ ಮುಂದು. ವಿಡಿಯೊ ಶುರುವಾದಾಗಲೂ ಮೊದಲ ಕೆಲವು ನಿಮಿಷ ಭರದಿಂದ ಓಡಿತು. ಆಮೇಲೆ ಕೀಬೋರ್ಡಿನ ಮೇಲಂಚು ಕೈಯಿಡಲಾಗದಷ್ಟು ಬಿಸಿಯಾಯಿತು, ಫ್ಯಾನಿನ ಸದ್ದು ಮಳೆಯ ಸದ್ದನ್ನೂ ಮೀರಿತು, ವೇಗದ ಅಂಕಿ ಇಳಿಯುತ್ತ ಬಂತು. ಈ ಚಿಪ್ಪು ಕರೆಂಟು ತಿನ್ನುವ ಮೂಲ ಲೆಕ್ಕ 15 ವ್ಯಾಟ್, ವೇಗ ಏರಿಸಿದಾಗ 55 ವ್ಯಾಟ್‌ವರೆಗೆ ಹೋಗಬಹುದು. ತೆಳ್ಳಗಿನ ಲ್ಯಾಪ್‌ಟಾಪು ಅಷ್ಟು ಬಿಸಿಯನ್ನು ಬಹಳ ಹೊತ್ತು ಹೊರಹಾಕಲಾರದು. ಕೊನೆಗೆ ಹಿಡಿದದ್ದು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ.

ರೈಜನ್ ಮಾತ್ರ ಒಂದೇ ಹದದಲ್ಲಿ ನಡೆಯಿತು. ಆರು ಕೋರ್, ಹನ್ನೆರಡು ಥ್ರೆಡ್, ಆರೂ ಸರಿಸಮಾನ. ಆರಂಭದಲ್ಲಿ ಐ5ಗಿಂತ ಹಿಂದೆ, ಕಾಲು ಗಂಟೆಯ ಹೊತ್ತಿಗೆ ಮುಂದೆ. ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿತು. ಚಾರ್ಜರ್ ತೆಗೆದು ಇನ್ನೊಮ್ಮೆ ಮಾಡಿದಾಗ ಸ್ವಲ್ಪ ನಿಧಾನವಾದರೂ ಕೊನೆಯವರೆಗೆ ಬಂತು. ಐ5 ಇದ್ದ ಲ್ಯಾಪ್‌ಟಾಪು ನಡುವೆಯೇ ಬ್ಯಾಟರಿಯ ಎಚ್ಚರಿಕೆ ಕೊಟ್ಟಿತ್ತು.

ಎಂ1ನ ಬಗ್ಗೆ ನನಗೆ ನಿಜವಾದ ಗೌರವವಿದೆ. 2020ರಲ್ಲಿ ಬಂದ ಚಿಪ್, ನಾಲ್ಕು ಬಲದ ಕೋರ್, ನಾಲ್ಕು ಮಿತವ್ಯಯದವು, ಏರ್‌ನಲ್ಲಿ ಫ್ಯಾನೇ ಇಲ್ಲ. ರೈಜನ್‌ಗಿಂತ ಐದು ನಿಮಿಷ ಮೊದಲೇ, ಒಂದಿಷ್ಟೂ ಸದ್ದಿಲ್ಲದೆ ಮುಗಿಸಿತು. ಬ್ಯಾಟರಿ ಮೇಲೆ ಮಾಡಿದಾಗಲೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿದಿತ್ತು. ಆದರೆ ಅದರ ಒಳಭಾಷೆಯೇ ಬೇರೆ, ಇಂಟೆಲ್ ಎಎಂಡಿಗಳ ಎಕ್ಸ್86 ಅಲ್ಲ, ಆರ್ಮ್. ಇಂಟೆಲ್‌ಗೆಂದು ಬರೆದ ಹಳೆಯ ಮ್ಯಾಕ್ ಪ್ರೋಗ್ರಾಂಗಳನ್ನು ರೊಸೆಟಾ 2 ಎಂಬ ಆಪಲ್ ತಂತ್ರಾಂಶ ಅನುವಾದಿಸಿ ನಡೆಸುತ್ತದೆ, ವಿಂಡೋಸ್‌ನವನ್ನಲ್ಲ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿಯೇ ಬರುತ್ತದೆ, ತೊಂದರೆಯಿಲ್ಲ. ಆದರೆ ನನ್ನ ಬಳಿ ವಿಂಡೋಸ್‌ನ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಅದರ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಪ್ರಸಂಗದ ಪದ್ಯಗಳೇ ನೂರಾರು ಪುಟ ಇವೆ. ಅವನ್ನು ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ.

ಒಂದು ಮಾತು ಐ5 ಪರವಾಗಿ ಹೇಳಲೇಬೇಕು. ಅದರಲ್ಲಿ ಕ್ವಿಕ್ ಸಿಂಕ್ ಎಂದು ವಿಡಿಯೊಗೆಂದೇ ಮೀಸಲಾದ ಭಾಗವಿದೆ. ಅದನ್ನು ಆರಿಸಿದಾಗ ಅರ್ಧ ಗಂಟೆಯೊಳಗೆ ಮುಗಿಯಿತು. ಆದರೆ ಅಷ್ಟೇ ಗಾತ್ರದ ಫೈಲಿನಲ್ಲಿ, ಚಾವಡಿಯ ಮಬ್ಬು ಬೆಳಕಿನಲ್ಲಿ ಮದ್ದಳೆಗಾರರ ಬೆರಳುಗಳು ಏರುಲಯದ ಹೊತ್ತಿಗೆ ಒಂದಕ್ಕೊಂದು ಕಲಸಿಹೋದವು. ಕಲಿಯುವ ಮಕ್ಕಳು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುವುದೇ ಆ ಬೆರಳುಗಳನ್ನು. ಹಾಗಾಗಿ ನಾನು ನಿಧಾನದ ದಾರಿಯನ್ನೇ ಹಿಡಿದೆ. ಮದುವೆ, ಉಪನಯನದ ವಿಡಿಯೊ ಮಾಡುವವರಿಗೆ ಕ್ವಿಕ್ ಸಿಂಕ್ ಧಾರಾಳ ಸಾಕು.

ನಾನು ತೆಗೆದುಕೊಂಡದ್ದು ರೈಜನ್ 5500ಯು. ಖರೀದಿಗೆ ಹೋದಾಗ ಅಂಗಡಿಯಲ್ಲಿ "7520ಯು ಹೊಸದು, ಅದನ್ನೇ ಒಯ್ಯಿ" ಎಂದರು. ನಂಬರು ದೊಡ್ಡದು ನಿಜ, ಆದರೆ ರೈಜನ್‌ನ 7000ದ ಸಾಲಿನಲ್ಲಿ ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು 2, ಅಂದರೆ 5500ಯುವಿನಲ್ಲಿರುವ ಅದೇ ಜೆನ್ 2 ಎಂಬ ವಿನ್ಯಾಸ. ಕೋರ್ ನಾಲ್ಕೇ. ಇಂಟೆಲ್ ಹೆಸರುಗಳಲ್ಲೂ ಹೀಗೆಯೇ. 2016ರ ಐ7-7500ಯುಗೆ ಎರಡು ಕೋರ್, 2022ರ ಐ3-1215ಯುಗೆ ಆರು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಐ7 ಎಂಬ ಸ್ಟಿಕರ್ ನೋಡಿ ದುಡ್ಡು ಕೊಡಬೇಡಿ, ಪೂರ್ತಿ ನಂಬರು ಬರೆಸಿಕೊಳ್ಳಿ. ಅರ್ಜಿ ತುಂಬುವುದು, ಪಾಠದ ಟಿಪ್ಪಣಿ ಬರೆಯುವುದಷ್ಟೇ ಇದ್ದರೆ ಆ ಐ3ಯೇ ಬೇಕಾದಷ್ಟಾಯಿತು.

ಹಳೆಯ ಸೆಲೆರಾನ್ ಈಗ ಅಪ್ಪನ ಕೈಯಲ್ಲಿದೆ. ಅಡಕೆಯ ತೂಕ, ಕೆಲಸದವರ ಸಂಬಳ ಅದರಲ್ಲೇ ಬರೆದಿಡುತ್ತಾರೆ. ಕರೆಂಟಿಲ್ಲದ ಸಂಜೆಯಲ್ಲೂ ಅವರ ಲೆಕ್ಕ ಮುಗಿಯುವವರೆಗೆ ಅದು ನಿಲ್ಲುತ್ತದೆ.