ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ಗೆ: ಕೆಲಸ ಅಚ್ಚುಕಟ್ಟು, ಕತ್ತರಿ ಮಾತ್ರ ಬೇಡ

ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಅಂಗಡಿಯೊಂದು ಕೋಲಾರದ ಪೇಟೆಯಲ್ಲಿ ಇನ್ನೂ ಉಳಿದಿದೆ. ದಲಿತ ಚಳವಳಿಯ ಸಭೆಗಳಲ್ಲಿ, ರೈತರ ಧರಣಿಗಳಲ್ಲಿ ನಮ್ಮ ಮನೆಯವರು ಧ್ವನಿಮುದ್ರಿಸಿಕೊಂಡಿದ್ದ ಹಾಡುಗಳನ್ನು ಅಲ್ಲಿಗೆ ಒಪ್ಪಿಸಿದ್ದೆ. ಯಂತ್ರದ ಕೆಲಸದ ಬಗ್ಗೆ ದೂರಿಲ್ಲ. ಬೂಷ್ಟು ಹಿಡಿದಿದ್ದ ಟೇಪನ್ನು ಒರೆಸಿ, ಕಳಚಿಹೋಗಿದ್ದ ಫೆಲ್ಟ್ ಪ್ಯಾಡಿನ ಜಾಗಕ್ಕೆ ಬೇರೊಂದು ಕ್ಯಾಸೆಟ್‌ನ ಪ್ಯಾಡನ್ನು ಅಂಟಿಸಿ, ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್‌ನಿಂದ ಶುಚಿಮಾಡಿ, ಒಂದೊಂದು ಬದಿಯನ್ನೂ ಪೂರ್ತಿ 30 ನಿಮಿಷ ಓಡಿಸಿಯೇ ಇಳಿಸುತ್ತಾರೆ. ತಮಟೆಯ ಪೆಟ್ಟು ಎಲ್ಲಿಯೂ ಒಡೆದಿಲ್ಲ. ಕ್ಯಾಸೆಟ್ಟಿಗೆ 200 ರೂಪಾಯಿ ದುಬಾರಿಯೆನಿಸಲಿಲ್ಲ.

ನನ್ನ ತಕರಾರು ಕತ್ತರಿಯದು. ಹಾಡುಗಳ ನಡುವಿನ ಭಾಷಣ, ಘೋಷಣೆ, ಮೈಕಿನ ಕಿರುಚಾಟವನ್ನೆಲ್ಲ ‘ಗಲಾಟೆ’ ಎಂದು ತೆಗೆದುಹಾಕಿ, ಹಾಡುಗಳನ್ನಷ್ಟೇ ಬಿಡಿ ಫೈಲುಗಳನ್ನಾಗಿ ಮಾಡಿದ್ದರು. ಹೋರಾಟದ ಹಾಡಿನ ಅರ್ಥದಲ್ಲಿ ಅರ್ಧಪಾಲು ಆ ಗಲಾಟೆಯಲ್ಲೇ ಇರುತ್ತದೆ. ನಲವತ್ತೇಳರ ಸ್ವಾತಂತ್ರ್ಯವನ್ನೇ ಪ್ರಶ್ನಿಸುವ, ದಲಿತ ಕವಿ ಸಿದ್ಧಲಿಂಗಯ್ಯನವರ ‘ಯಾರಿಗೆ ಬಂತು, ಎಲ್ಲಿಗೆ ಬಂತು’ ಹಾಡು ಎರಡು ಕ್ಯಾಸೆಟ್‌ಗಳಲ್ಲಿದೆ. ಒಂದು, 2000ದ ಮಾರ್ಚ್‌ನಲ್ಲಿ ಆಗಿನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಕೊಂದ ಬಳಿಕ ನಡೆದ ಸಭೆಯದು. ಸತ್ತವರ ಹೆಸರುಗಳನ್ನು ಓದಿ ಮುಗಿಸಿದ ಕೂಡಲೇ ಹಾಡು ಶುರುವಾಗುತ್ತದೆ. ಇನ್ನೊಂದು, ಶಾಶ್ವತ ನೀರಾವರಿಗಾಗಿ ಕೂತ ಧರಣಿಯದು, ಪಲ್ಲವಿಯ ನಡುವೆ ಯಾರೋ “ನೀರು ಎಲ್ಲಿಗೆ ಬಂತು?” ಎಂದು ಕೂಗುತ್ತಾರೆ, ಗುಂಪು ಅದನ್ನೇ ಹಿಡಿದುಕೊಳ್ಳುತ್ತದೆ. ದಲಿತ ಕೇರಿಯಿಂದ ಊರಿನ ಒಡೆಯರತ್ತ ಎದ್ದಿದ್ದ ಪ್ರಶ್ನೆ, ಕೊಳವೆಬಾವಿ ಬತ್ತಿದ ಮೇಲೆ ಜಮೀನುಳ್ಳವರ ಬಾಯಲ್ಲೂ ಸರ್ಕಾರದತ್ತ ತಿರುಗಿದೆ. ಇದು ಹಾಡು ಬೆಳೆದ ಬಗೆಯೋ, ಅದರ ಮೊನೆ ಸವೆದ ಬಗೆಯೋ ಎಂದು ಕೇಳಿದರೆ, ನಾನು ಎರಡನೆಯದೆನ್ನುತ್ತೇನೆ. ನಮ್ಮ ಮನೆಯಲ್ಲೇ ಇದನ್ನು ಒಪ್ಪದವರಿದ್ದಾರೆ. ಕತ್ತರಿಸಿದ ಫೈಲುಗಳಲ್ಲಾದರೋ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಮೇಲಾಗಿ ಎರಡೂ ‘ದೇಶಭಕ್ತಿಗೀತೆ’ ಎಂಬ ಫೋಲ್ಡರಿನಲ್ಲಿದ್ದವು!

‘ಗೆದ್ದೇ ಗೆಲ್ಲುವೆವು’ ಹಾಡನ್ನು ‘ಶಾಲಾ ಗೀತೆ’ಗಳ ಜೊತೆ ಸೇರಿಸಿದ್ದಕ್ಕೆ ಮಾತ್ರ ನಾನು ಅಷ್ಟಾಗಿ ಮುನಿಸಿಕೊಳ್ಳಲಿಲ್ಲ. ಅಮೆರಿಕದ ಕಪ್ಪುಜನರ ಚರ್ಚಿನ ಪರಂಪರೆಯಿಂದ ಬಂದ ಅದರ ಮೂಲ ‘ವಿ ಶಲ್ ಓವರ್‌ಕಮ್’ ಹಾಡನ್ನು 1945–46ರಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಮಿಕರು ಮುಷ್ಕರದಲ್ಲಿ ಹಾಡಿದರು, 1960ರ ದಶಕದಲ್ಲಿ ಅದು ನಾಗರಿಕ ಹಕ್ಕುಗಳ ಚಳವಳಿಯ ಹಾಡಾಯಿತು. ನಮ್ಮಲ್ಲಿ ಧರಣಿಯಲ್ಲೂ ಶಾಲೆಯ ವೇದಿಕೆಯಲ್ಲೂ ಅದೇ ರಾಗ ಕೇಳುತ್ತದೆ. ಆದರೆ ನನ್ನ ಟೇಪಿನಲ್ಲಿ ಅದನ್ನು ಹಾಡಿದವರು ಪೊಲೀಸ್ ವ್ಯಾನಿನೊಳಗಿದ್ದರು, ಬಾಗಿಲು ಬಡಿದ ಸದ್ದೂ ಅದರಲ್ಲಿತ್ತು. ಅಂಗಡಿಯವರು ಅದನ್ನೂ ತೆಗೆದಿದ್ದರು.

ಕತ್ತರಿಸದ ಮೂಲ ಪ್ರತಿ ಕಂಪ್ಯೂಟರಿನಲ್ಲಿ ಉಳಿದಿದ್ದರಿಂದ, ಕೇಳಿದಾಗ ಹೆಚ್ಚಿನ ಹಣವಿಲ್ಲದೆ ತುಂಬಿಕೊಟ್ಟರು. ಇಂಥ ಕ್ಯಾಸೆಟ್ ಒಯ್ಯುವವರು ‘ಏನನ್ನೂ ಕತ್ತರಿಸಬೇಡಿ’ ಎಂದು ಚೀಟಿಯಲ್ಲೇ ಬರೆಸಿ, ಸಭೆಯ ಊರು, ವರ್ಷವನ್ನು ಫೈಲಿನ ಹೆಸರಿಗೆ ಸೇರಿಸಲು ಹೇಳುವುದು ಒಳ್ಳೆಯದು. ಭಾನುವಾರ ಅಂಗಡಿ ತೆರೆಯುವುದಿಲ್ಲ.