ಸ್ಲೋ ಕ್ವೆರಿ ಲಾಗ್ ಜೊತೆ ಮೂರು ವರ್ಷ: ದೊಡ್ಡವು ಸಿಕ್ಕವು, ಸಣ್ಣದು ತಪ್ಪಿಸಿಕೊಂಡಿತು

ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಹಾಕಿಕೊಂಡವರಿಗೆಲ್ಲ ಸ್ಲೋ ಕ್ವೆರಿ ಲಾಗ್, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳಲ್ಲಿ (ಕ್ವೆರಿ) ನಿಧಾನದವನ್ನು ಬರೆದಿಡುವ ಫೈಲ್, ಪುಕ್ಕಟೆ ಸಿಗುತ್ತದೆ. ಆದರೆ ಬರುವಾಗ ಬಂದ್ ಆಗಿಯೇ ಬರುತ್ತದೆ. ಆನ್ ಮಾಡಿದರೂ 10 ಸೆಕೆಂಡಿಗಿಂತ ಜಾಸ್ತಿ ಹೊತ್ತು ತಗೊಂಡ ಕ್ವೆರಿಯನ್ನು ಮಾತ್ರ ಬರೆದಿಡುತ್ತದೆ. 10 ಸೆಕೆಂಡ್! ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಅಷ್ಟು ಹೊತ್ತು ಸುಮ್ನೆ ಕೂರುವ ಗುಮಾಸ್ತರನ್ನು ನಾನಂತೂ ನೋಡಿಲ್ಲ. 3 ಸೆಕೆಂಡಿಗೆ ಎಂಟರ್ ಇನ್ನೊಮ್ಮೆ ಒತ್ತುತ್ತಾರೆ, 5 ಆದರೆ ನನಗೆ ಫೋನ್ ಬರುತ್ತದೆ.

ನಾವು ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾಲ್ಕು ಜನ ಸೇರಿ ದಲಾಲಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಲಾಟ್ (ಮಾರಾಟಕ್ಕೆ ಬಂದ ಚೀಲಗಳ ಗುಂಪು) ಬರೆಯುವುದು, ತೂಕ, ಹಮಾಲಿ, ಕೊನೆಗೆ ರೈತರ ಕೈಗೆ ಲೆಕ್ಕದ ಪಟ್ಟಿ. ಡೇಟಾಬೇಸ್ ಮೇಲೆ ಕಣ್ಣಿಡುವ ದೊಡ್ಡ ಸರ್ವಿಸ್‌ಗಳು ಚೆನ್ನಾಗಿಯೇ ಇವೆ, ಟ್ರಯಲ್ ಹಾಕಿ ನೋಡಿದ್ದೇನೆ. ಆದರೆ ಅವುಗಳ ಬಿಲ್ ಡಾಲರಿನಲ್ಲಿ, ಅದೂ ಒಂದೊಂದು ಸರ್ವರಿಗೆ ಬೇರೆ ಬೇರೆ. ನಮ್ಮ ಗಿರಾಕಿಗಳು ವರ್ಷದ ಫೀಸ್ ಕೊಡುವುದೇ ಮೆಣಸಿನಕಾಯಿ ಸೀಜನ್ ಮುಗಿದ ಮೇಲೆ. ಹಾಗಾಗಿ ಪುಕ್ಕಟೆ ಇದ್ದದ್ದೇ ನಮಗೆ ಗತಿ. ಆ 10 ಸೆಕೆಂಡಿನ ಲಿಮಿಟ್ ಅನ್ನು 1 ಸೆಕೆಂಡಿಗೆ ಇಳಿಸಿ ಶುರು ಮಾಡಿದೆ.

ಮೊದಲ ವರ್ಷ ನಿಜಕ್ಕೂ ಖುಷಿಯ ವರ್ಷ. ಬೆಳಿಗ್ಗೆ 6ಕ್ಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವ ಪ್ರೋಗ್ರಾಂ) ಓಡುತ್ತದೆ, ಪಿಟಿ-ಕ್ವೆರಿ-ಡೈಜೆಸ್ಟ್ ಅನ್ನುವ ಟೂಲ್ ಹಿಂದಿನ ದಿನದ ಲಾಗನ್ನೆಲ್ಲ ಜಾಲಾಡಿ ಒಂದು ಮೇಲ್ ಕಳಿಸುತ್ತದೆ. ಒಂದೇ ಥರದ ಕ್ವೆರಿಗಳನ್ನೆಲ್ಲ ಗುಡ್ಡೆ ಹಾಕಿ, ಯಾವುದು ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು ಅಂತ ಸಾಲಾಗಿ ಇಡುತ್ತದೆ. ಧಾರವಾಡದಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕ ಕೂಡಲೇ ಆ ಮೇಲ್ ತೆಗೆಯುವುದು ನನ್ನ ಚಟ. ಮೊಬೈಲನ್ನು ಅಡ್ಡ ಹಿಡಿಯಬೇಕು, ನೆಟ್ಟಗೆ ಹಿಡಿದರೆ ಕಾಲಂಗಳು ಮುರಿದು ಒಂದರ ಮೇಲೊಂದು ಬೀಳುತ್ತವೆ. ನವಲೂರು ದಾಟುವ ಹೊತ್ತಿಗೆ ಮೇಲಿನ ಮೂರು ಸಾಲು ಓದಿ ಆಗಿರುತ್ತದೆ. ಉಣಕಲ್ ಕೆರೆ ಕಾಣುವಷ್ಟರಲ್ಲಿ ಯಾವ ಟೇಬಲ್ಲಿಗೆ ಇಂಡೆಕ್ಸ್ (ಪುಸ್ತಕದ ಹಿಂದಿನ ಸೂಚಿಯ ಹಾಗೆ, ಬೇಕಾದ ಸಾಲನ್ನು ಬೇಗ ಹುಡುಕಿ ಕೊಡುವುದು) ಹಾಕಬೇಕು ಅನ್ನೋದು ತಲೆಯಲ್ಲಿ ಬಂದಿರುತ್ತದೆ. ಆಫೀಸಿಗೆ ಹೋಗಿ ಚಹಾ ಕುಡಿಯುತ್ತ, ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಊಹೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಲಾಗ್‌ನಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಟೈಮ್ ಅಲ್ಲ. ಸಮಯ ಬದಲಾಗುತ್ತಿರುತ್ತದೆ, ಅದೇ ಹೊತ್ತಿಗೆ ಬ್ಯಾಕಪ್ ಓಡುತ್ತಿದ್ದರೆ ಒಳ್ಳೆ ಕ್ವೆರಿಯೂ ನಿಧಾನ ಕಾಣುತ್ತದೆ. ನೋಡಬೇಕಾದದ್ದು ರೋಸ್_ಎಕ್ಸಾಮಿನ್ಡ್ ಮತ್ತು ರೋಸ್_ಸೆಂಟ್. ಅಂದರೆ ಎಷ್ಟು ಸಾಲು ತಡಕಾಡಿತು, ಎಷ್ಟು ಸಾಲು ಕೊಟ್ಟಿತು. 12 ಸಾಲು ಕೊಡಲಿಕ್ಕೆ 9 ಲಕ್ಷ ಸಾಲು ಓದಿದ ಒಂದು ರಿಪೋರ್ಟ್ ಸಿಕ್ಕಿತ್ತು. ನೋಡಿದರೆ ತಾರೀಖಿನ ಕಾಲಂಗೆ ಡೇಟ್ ಫಂಕ್ಷನ್ ಸುತ್ತಿದ್ದೆವು, ಅಂದರೆ ಪ್ರತಿ ಸಾಲಿನ ತಾರೀಖನ್ನೂ ಲೆಕ್ಕ ಹಾಕಿಯೇ ನೋಡಬೇಕಿತ್ತು, ಇಂಡೆಕ್ಸ್ ಇದ್ದೂ ಅದಕ್ಕೆ ಮುಟ್ಟಲಾಗುತ್ತಿರಲಿಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಬರೆದ ಕೂಡಲೇ ಸರಿ ಹೋಯಿತು.

ಇನ್ನು ಬೈಯುವ ಭಾಗ.

ಹೋದ ಸೀಜನ್‌ನಲ್ಲಿ ಒಂದು ಸೋಮವಾರ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಅಂದರೆ ಮಾರ್ಕೆಟ್ ತುಂಬ ಚೀಲ. ಒಬ್ಬ ಸಾವ್ಕಾರ್ರ ಫೋನ್: ‘ಏನ್ರೀ ಸರ್ರ, ನಿಮ್ಮ ಸಾಫ್ಟ್‌ವೇರ್ ಮಕ್ಕೊಂಡೈತಿ. ರೈತ್ರು ನಿಂತಾರ, ಪಟ್ಟಿ ಬರವಲ್ದು.’ ಬೆಳಿಗ್ಗೆಯ ಮೇಲ್ ತೆಗೆದು ನೋಡಿದರೆ ಖಾಲಿ ಅನ್ನಬಹುದು, ಒಂದು ಕ್ವೆರಿಯೂ 1 ಸೆಕೆಂಡ್ ದಾಟಿಲ್ಲ. ನಾನು ಧೈರ್ಯವಾಗಿ ‘ಡೇಟಾಬೇಸ್ ಚಲೋ ಅದ ರೀ, ನಿಮ್ಮ ನೆಟ್ ನೋಡ್ರಿ’ ಅಂದುಬಿಟ್ಟೆ. ಮುಂದಿನ ಗುರುವಾರ ಮತ್ತೆ ಅದೇ ಫೋನ್, ಈ ಸಲ ದನಿ ಸ್ವಲ್ಪ ಜೋರು.

ಆಗ ಲಿಮಿಟ್ 0 ಮಾಡೋಣ ಅನ್ನಿಸಿತು. 0 ಅಂದರೆ ಬಂದ ಕ್ವೆರಿಯನ್ನೆಲ್ಲ ಬರೆದುಕೊಳ್ಳುತ್ತದೆ. ಇಡೀ ಸರ್ವರಿಗೆ ಲಿಮಿಟ್ ಬದಲಿಸುವ ಸೆಟ್ ಗ್ಲೋಬಲ್ ಕಮಾಂಡ್ ಹೊಡೆದು ಕಾದೆ. ಹತ್ತು ನಿಮಿಷ ಆದರೂ ಫೈಲ್ ಅಲ್ಲಾಡಲಿಲ್ಲ. ಇನ್ನೊಂದು ಸಲ ಹೊಡೆದೆ. ವೇರಿಯಬಲ್ ತೆಗೆದು ನೋಡಿದರೆ 0 ಅಂತಲೇ ತೋರಿಸುತ್ತಿದೆ! ಅರ್ಧ ತಾಸು ಹೋದ ಮೇಲೆ ತಿಳಿಯಿತು: ಗ್ಲೋಬಲ್ ಬದಲಿಸಿದರೆ ಹೊಸದಾಗಿ ಬರುವ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯ. ನಮ್ಮ ಆ್ಯಪ್ ಬೆಳಿಗ್ಗೆ ತೆರೆದ ಕನೆಕ್ಷನ್‌ಗಳನ್ನೇ ದಿನವಿಡೀ ಹಿಡಿದುಕೊಂಡಿರುತ್ತದೆ, ಅವು ಹಳೆಯ 1 ಸೆಕೆಂಡಿನ ಲೆಕ್ಕದಲ್ಲೇ ಓಡುತ್ತಿದ್ದವು. ಡಾಕ್ಯುಮೆಂಟೇಶನ್‌ನಲ್ಲಿ ಇದು ಬರೆದಿದೆ, ಸುಳ್ಳು ಹೇಳಬಾರದು. ಆದರೆ ಮಾರ್ಕೆಟ್ ದಿನ ಫೋನ್ ಕಿವಿಗಿಟ್ಟುಕೊಂಡು ಯಾರು ಓದುತ್ತಾರೆ? ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಎದ್ದಾಗ ಆ್ಯಪ್ ರೀಸ್ಟಾರ್ಟ್ ಮಾಡಿದೆ, ಆಮೇಲೆ ಫೈಲ್ ಉಬ್ಬತೊಡಗಿತು.

ಹತ್ತು ನಿಮಿಷದ ಲಾಗನ್ನು ಡೈಜೆಸ್ಟ್‌ಗೆ ಕೊಟ್ಟರೆ ಮೊದಲ ಸ್ಥಾನದಲ್ಲಿ, ಒಟ್ಟು ಸಮಯದ ಅರ್ಧಕ್ಕಿಂತ ಜಾಸ್ತಿ ತಿಂದು ಕೂತಿದ್ದು 8 ಮಿಲಿಸೆಕೆಂಡಿನ ಒಂದು ಪುಟಾಣಿ ಕ್ವೆರಿ. ಮೊಬೈಲ್ ನಂಬರ್ ಕೊಟ್ಟರೆ ರೈತರ ಹೆಸರು ಕೊಡುವುದು, ಅಷ್ಟೇ. ಇವತ್ತಿನ ಲಾಟ್‌ಗಳ ಸ್ಕ್ರೀನ್ ತೆರೆದರೆ 600 ಲಾಟಿಗೆ 600 ಸಲ ಓಡುತ್ತಿತ್ತು. 600 ಗುಣಿಸು 8, ಹತ್ತಿರ ಹತ್ತಿರ 5 ಸೆಕೆಂಡ್. ಒಂದೊಂದಾಗಿ ನೋಡಿದರೆ ಯಾವುದೂ ನಿಧಾನ ಅಲ್ಲ, ಹಾಗಾಗಿ 1 ಸೆಕೆಂಡಿನ ಲಾಗ್‌ಗೆ ವರ್ಷಗಟ್ಟಲೆ ಕಾಣಲೇ ಇಲ್ಲ.

ಅದರಲ್ಲೂ 8 ಮಿಲಿಸೆಕೆಂಡ್ ಯಾಕೆ ಬೇಕಿತ್ತು? ಮೊಬೈಲ್ ಕಾಲಂಗೆ ಇಂಡೆಕ್ಸ್ ಇದೆ. ರೋಸ್_ಎಕ್ಸಾಮಿನ್ಡ್ ನೋಡಿದರೆ 21 ಸಾವಿರ, ಅಂದರೆ ಟೇಬಲ್ಲಿನ ಅಷ್ಟೂ ರೈತರು. ಕಾಲಂ ಇದ್ದದ್ದು ವಾರ್‌ಚಾರ್, ಅಂದರೆ ಅಕ್ಷರದ್ದು, ನಮ್ಮ ಕೋಡ್ ನಂಬರನ್ನು ಕೋಟ್ ಇಲ್ಲದೆ ಬರಿಯ ಅಂಕಿಯಾಗಿ ಕಳಿಸುತ್ತಿತ್ತು. ಅಕ್ಷರದ ಕಾಲಮ್ಮನ್ನು ಅಂಕಿಯ ಜೊತೆ ಹೋಲಿಸಿದರೆ ಮೈಎಸ್‌ಕ್ಯೂಎಲ್ ಇಂಡೆಕ್ಸ್ ಬಳಸಲು ಆಗುವುದಿಲ್ಲ. ಯಾಕೆಂದರೆ ‘1’, ‘01’, ‘1ಎ’ ಎಲ್ಲವೂ ಅದಕ್ಕೆ 1 ಅಂತಲೇ ಲೆಕ್ಕ, ಪ್ರತಿ ಸಾಲನ್ನೂ ಅಂಕಿ ಮಾಡಿಯೇ ನೋಡಬೇಕು. ಎರಡು ಕೋಟ್ ಹಾಕಿದೆ ರೀ, ಅಷ್ಟೇ. 21 ಸಾವಿರ ಇದ್ದದ್ದು 1 ಆಯಿತು. 600 ಸಲ ಕೇಳುವುದನ್ನು ಜಾಯಿನ್ ಹಾಕಿ (ಎರಡು ಟೇಬಲ್ ಜೋಡಿಸಿ) ಒಂದೇ ಸಲಕ್ಕೆ ತಂದಿದ್ದು ಮುಂದಿನ ವಾರ.

ಇಂಡೆಕ್ಸ್ ಬಳಸದ ಕ್ವೆರಿಗಳನ್ನೂ ಬರೆದುಕೋ ಅನ್ನುವ ಸ್ವಿಚ್ ಒಂದಿದೆ, ಅದು ಆನ್ ಇದ್ದಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ನಾನೇ ಬಂದ್ ಮಾಡಿದ್ದೆ. ಡಬ್ಬಿ, ಕಡ್ಡಿ, ಗುಂಟೂರು ಅಂತ ಮೆಣಸಿನಕಾಯಿ ತಳಿಗಳ ನಾಲ್ಕೈದು ಸಾಲಿನ ಟೇಬಲ್ ಓದಿದ್ದನ್ನೂ ಅದು ಬರೆದಿಡುತ್ತಿತ್ತು, ಮೇಲ್ ತುಂಬ ಕಸ. ಕಡಿಮೆ ಸಾಲು ಓದಿದ ಕ್ವೆರಿಗಳನ್ನು ಬಿಟ್ಟುಬಿಡುವ ಮಿನ್_ಎಕ್ಸಾಮಿನ್ಡ್_ರೋ_ಲಿಮಿಟ್ ಅನ್ನು 1000 ಮಾಡಿದರೆ ಆ ಕಸ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಈಗ ಎರಡೂ ಆನ್.

ಗದಗಿನ ಗೆಳೆಯನೊಬ್ಬ ‘ಈ ಫೈಲ್ ಗೀಲ್ ಯಾಕಲೇ, ಸಿಸ್ ಸ್ಕೀಮಾದಾಗ ಸ್ಟೇಟ್‌ಮೆಂಟ್_ಅನಾಲಿಸಿಸ್ ನೋಡು’ ಅನ್ನುತ್ತಾನೆ. ಅವನ ಮಾತು ಸರಿ. ಅದು ಓಡಿದ ಕ್ವೆರಿಗಳ ಲೆಕ್ಕವನ್ನು ಮೈಎಸ್‌ಕ್ಯೂಎಲ್ ತಾನೇ ತೋರಿಸುವ ಜಾಗ. 8 ಮಿಲಿಸೆಕೆಂಡಿನವೂ ಅಲ್ಲಿ ಲೆಕ್ಕಕ್ಕೆ ಸಿಗುತ್ತವೆ, ಯಾವ ಲಿಮಿಟ್ಟೂ ಇಲ್ಲ. ಆದರೆ ಸರ್ವರ್ ರೀಸ್ಟಾರ್ಟ್ ಆದರೆ ಎಲ್ಲ ಸೊನ್ನೆ, ಮತ್ತೆ ಬಸ್ಸಿನಲ್ಲಿ ಓದಲು ನನಗೆ ಮೇಲೇ ಬೇಕು.

5ಕ್ಕೆ 3.5 ಕೊಡುತ್ತೇನೆ. ಒಂದು ಪೂರ್ತಿ ಅಂಕ ಕಟ್ ಆಗಿದ್ದು ಆ ಕನೆಕ್ಷನ್ ವಿಷಯಕ್ಕೆ, ಅರ್ಧ ಆ 10 ಸೆಕೆಂಡಿಗೆ. ಈ ಸೀಜನ್‌ನಲ್ಲಿ ಗುರುವಾರ 11 ಗಂಟೆಗೆ ಹತ್ತು ನಿಮಿಷ ಲಿಮಿಟ್ 0 ಇಡುತ್ತಿದ್ದೇನೆ. ಮೊನ್ನೆ ವಾಪಸ್ 1 ಮಾಡುವುದು ಮರೆತು ಮನೆಗೆ ಹೋದೆ, ಬೆಳಿಗ್ಗೆ ಡಿಸ್ಕಿನಲ್ಲಿ ಉಳಿದದ್ದು 2 ಜಿಬಿ. ಈಗ ಮೊಬೈಲಿನಲ್ಲಿ 11:10ಕ್ಕೆ ಅಲಾರಂ ಇಟ್ಟಿದ್ದೇನೆ, ಹೆಸರು ‘ಲಾಗ್ ಬಂದ್ ಮಾಡೋ ಮಾರಾಯ’.